ಘಟ್ಟವನ್ನು ಯಾವ ಹೊತ್ತಿಗೆ ದಾಟುತ್ತದೆ?

ಪ್ರಶ್ನೆ: ನಾನು ಗದಗದ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದು, ಎರಡು ವರ್ಷಗಳ ಹಿಂದೆ ನಿವೃತ್ತಳಾದೆ. ಬರುವ ಕಾರ್ತೀಕಕ್ಕೆ ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬುತ್ತದೆ. ನಮ್ಮಿಬ್ಬರನ್ನು ಐಷಾರಾಮಿ ರೈಲಿನಲ್ಲಿ ಬೆಟ್ಟಗಳ ನಡುವೆ ಪ್ರವಾಸಕ್ಕೆ ಕಳುಹಿಸಬೇಕೆಂದು ಮಕ್ಕಳ ಆಸೆ. ಮಗ ಗೋಲ್ಡನ್ ಚಾರಿಯಟ್ ಎನ್ನುತ್ತಾನೆ, ಮಗಳು ಸ್ವಿಟ್ಜರ್ಲೆಂಡಿನ ಗ್ಲೇಸಿಯರ್ ಎಕ್ಸ್‌ಪ್ರೆಸ್ ಎನ್ನುತ್ತಾಳೆ. ಯಜಮಾನರಿಗೆ ಮೊಣಕಾಲು ನೋವಿದೆ. ನನಗೆ ಬೇಕಾದದ್ದು ಕಿಟಕಿಯ ಪಕ್ಕ ಕುಳಿತು ಕಾಡು, ಕಣಿವೆ, ನೀರು ನೋಡುವುದು. ಇಷ್ಟು ವರ್ಷ ಗದಗದಲ್ಲಿದ್ದೂ ದೂಧಸಾಗರವನ್ನೇ ನಾವು ಕಂಡಿಲ್ಲ. ಯಾವುದಕ್ಕೆ ಹಣ ಹಾಕಿದರೆ ಸಾರ್ಥಕವಾದೀತು?

ಉತ್ತರ: ಅಕ್ಕೋರೇ, ನಿಮ್ಮ ಪ್ರಶ್ನೆಯ ಕೊನೆಯ ಎರಡು ಮಾತುಗಳಲ್ಲೇ ಉತ್ತರದ ಅರ್ಧ ಭಾಗ ಇದೆ. ಹುಬ್ಬಳ್ಳಿ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಗಾರ್ಡ್ ಆಗಿ ದುಡಿದವನು ನಾನು. ಈಗ ಆ ಹುದ್ದೆಯನ್ನು ಟ್ರೇನ್ ಮ್ಯಾನೇಜರ್ ಎಂದು ಕರೆಯುತ್ತಾರೆ. ಗೋವಾಕ್ಕೆ ಘಟ್ಟ ಇಳಿಯುವ ದಾರಿಯ ಲೋಂಡಾ, ಕ್ಯಾಸಲ್‌ರಾಕ್, ಕುಳೆಂ ನಿಲ್ದಾಣಗಳ ನಡುವೆ ಎಷ್ಟು ಸಲ ಓಡಾಡಿದ್ದೇನೆಂಬ ಲೆಕ್ಕವನ್ನು ನಾನು ಇಟ್ಟಿಲ್ಲ. ಆ ಅನುಭವದಿಂದ ಮೊದಲು ಹೇಳಬೇಕಾದ್ದು ಇಷ್ಟು: ಐಷಾರಾಮ ಮತ್ತು ಬೆಟ್ಟದ ನೋಟ ಇವು ಒಂದೇ ಟಿಕೆಟ್ಟಿನಲ್ಲಿ ತಾವಾಗಿಯೇ ಒಟ್ಟಿಗೆ ಬರುವುದಿಲ್ಲ. ಹಾಸಿಗೆ ಎಷ್ಟು ಮೆತ್ತಗಿದೆ, ಊಟಕ್ಕೆ ಎಷ್ಟು ಬಗೆ ಬಡಿಸುತ್ತಾರೆ ಎಂದು ವಿಚಾರಿಸುವುದಕ್ಕೆ ಮುಂಚೆ, ಗಾಡಿ ಘಟ್ಟವನ್ನು ಯಾವ ಹೊತ್ತಿಗೆ ದಾಟುತ್ತದೆ ಎಂದು ಕೇಳಿರಿ. ಲಕ್ಷಗಟ್ಟಲೆ ಕೊಟ್ಟು ಹೋದ ಜನ ಘಟ್ಟದಲ್ಲಿ ಗಾಢ ನಿದ್ದೆಯಲ್ಲಿರುವುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಿಮ್ಮ ಮಗ ಹೇಳುವ ಗೋಲ್ಡನ್ ಚಾರಿಯಟ್ ನಿಜಕ್ಕೂ ಹೆಮ್ಮೆಪಡುವಂಥ ಗಾಡಿ. 2008ರಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮವು ರೈಲ್ವೆಯ ಜೊತೆಗೂಡಿ ಅದನ್ನು ಆರಂಭಿಸಿತು. ಹಂಪಿಯ ಕಲ್ಲಿನ ರಥದಿಂದ ಬಂದ ಹೆಸರು. ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ, ಚಾಲುಕ್ಯ ಎಂಬ ರಾಜವಂಶಗಳ ಹೆಸರುಗಳಿವೆ. ಊಟದ ಮನೆಗಳಿಗೆ ನಳ, ರುಚಿ ಎಂದು ಹೆಸರಿಟ್ಟಿದ್ದಾರೆ. ಈಗ ಅದನ್ನು ನಡೆಸುವುದು ಐಆರ್‌ಸಿಟಿಸಿ. ಬೆಂಗಳೂರಿನಿಂದ ಹೊರಟು ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ, ಗೋವಾ ಸುತ್ತಿ ಬರುವ ಪ್ರವಾಸಕ್ಕೆ ತಲೆಗೆ ಲಕ್ಷಗಳ ಲೆಕ್ಕದಲ್ಲಿ ಖರ್ಚು ಬರುತ್ತದೆ. ಆದರೆ ಇಂಥ ಗಾಡಿಗಳ ಸ್ವಭಾವವನ್ನು ತಿಳಿದುಕೊಳ್ಳಬೇಕು. ಅವು ಮೂಲತಃ ಓಡುವ ಹೋಟೆಲುಗಳು. ಪ್ರವಾಸಿಗರು ಹಗಲು ಇಳಿದು ಗುಡಿ, ಅರಮನೆ, ಅಭಯಾರಣ್ಯ ನೋಡಬೇಕು, ರಾತ್ರಿ ಮಲಗಿದಾಗ ಗಾಡಿ ಮುಂದಿನ ಊರಿಗೆ ಸಾಗಬೇಕು ಎಂಬುದು ಅವುಗಳ ಏರ್ಪಾಟು. ಹಂಪಿಯಿಂದ ಗೋವಾಕ್ಕೆ ಹೋಗುವ ಹಳಿ ನಿಮ್ಮ ಗದಗವನ್ನೇ ಹಾದು, ಹುಬ್ಬಳ್ಳಿ, ಲೋಂಡಾ ಮೂಲಕ ಘಟ್ಟ ಇಳಿಯುತ್ತದೆ. ಇಡೀ ಪ್ರವಾಸದಲ್ಲಿ ಬೆಟ್ಟದ ನೋಟ ಅತ್ಯಂತ ಸಮೃದ್ಧವಾಗಿರುವ, ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಆ 26 ಕಿಲೋಮೀಟರು ಕತ್ತಲಲ್ಲಿ ಕಳೆದರೆ, ನೀವು ಬಯಸಿದ್ದು ನಿಮಗೆ ದಕ್ಕದು.

ಇನ್ನೊಂದು ಸಂಗತಿಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಮಲಗುವ ಕೋಣೆಗಳಿರುವ ಬೋಗಿಯಲ್ಲಿ ನಿಮ್ಮ ಕೋಣೆಯ ಕಿಟಕಿ ಒಂದೇ ಬದಿಗೆ ತೆರೆದಿರುತ್ತದೆ; ಇನ್ನೊಂದು ಬದಿಗೆ ಓಣಿಯಂಥ ನಡೆದಾಡುವ ದಾರಿ. ಕಣಿವೆ ಆ ಬದಿಗೆ ಬಂದಾಗ ಎದ್ದು ಹೋಗಿ ಓಣಿಯಲ್ಲಿ ನಿಲ್ಲಬೇಕಾಗುತ್ತದೆ, ಮೊಣಕಾಲು ನೋವಿನವರಿಗೆ ಅದು ಸುಖವಲ್ಲ. ಹಾಗಾಗಿ ಗೋಲ್ಡನ್ ಚಾರಿಯಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಹಂಪಿ, ಹಳೇಬೀಡುಗಳನ್ನು ರಾಜಮರ್ಯಾದೆಯಿಂದ ನೋಡುವ ಮನಸ್ಸಿದ್ದರೆ ಅದಕ್ಕಿಂತ ಚೆನ್ನಾದ ಗಾಡಿ ನಮ್ಮ ರಾಜ್ಯದಲ್ಲಿಲ್ಲ. ಮುಂಗಡ ಕಟ್ಟುವ ಮೊದಲು ಕ್ಯಾಸಲ್‌ರಾಕ್ ಬಿಡುವ ಸಮಯ, ಕುಳೆಂ ಮುಟ್ಟುವ ಸಮಯ, ಈ ಎರಡನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲು ಮಗನಿಗೆ ಹೇಳಿ. ಹೊರಡುವ ಊರಿನ ವೇಳೆ, ಮುಟ್ಟುವ ಊರಿನ ವೇಳೆ ನೋಡಿ ತೀರ್ಮಾನಿಸಿದರೆ ಮೋಸಹೋಗುತ್ತೀರಿ.

ಮಗಳು ಹೇಳುವ ಗ್ಲೇಸಿಯರ್ ಎಕ್ಸ್‌ಪ್ರೆಸ್ ಇದಕ್ಕೆ ತದ್ವಿರುದ್ಧವಾದ ತತ್ವದ ಗಾಡಿ. ಜೆರ್ಮಾಟ್‌ನಿಂದ ಸೇಂಟ್ ಮಾರಿಟ್ಜ್‌ವರೆಗೆ 291 ಕಿಲೋಮೀಟರು, 291 ಸೇತುವೆಗಳು, 91 ಸುರಂಗಗಳು. ಈ ದಾರಿ ಸಾಗಲು ಸುಮಾರು ಎಂಟು ಗಂಟೆ ಬೇಕು. ನಡುವೆ ಓಬರಾಲ್ಪ್ ಕಣಿವೆದಾರಿಯಲ್ಲಿ 2,033 ಮೀಟರ್ ಎತ್ತರಕ್ಕೆ ಏರಿ ಇಳಿಯುತ್ತದೆ. 65 ಮೀಟರ್ ಎತ್ತರದ ಲ್ಯಾಂಡ್‌ವಾಸರ್ ಕಮಾನು ಸೇತುವೆಯ ತುದಿಯಲ್ಲಿ ಸೀದಾ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. ಅದರಲ್ಲಿ ಹಾಸಿಗೆಯೇ ಇಲ್ಲ. ಚಾವಣಿಯವರೆಗೆ ಬಾಗಿದ ಗಾಜು, ಕೂತಲ್ಲಿಗೇ ಊಟ, ಎಲ್ಲವೂ ಹಗಲಿನಲ್ಲಿ. ಕೆನಡಾದ ರಾಕಿ ಪರ್ವತಗಳಲ್ಲಿ 1990ರಿಂದ ಓಡುತ್ತಿರುವ ರಾಕಿ ಮೌಂಟನೀರ್ ಗಾಡಿಯವರೂ ಸಂಜೆಯಾಗುತ್ತಲೇ ಪ್ರಯಾಣಿಕರನ್ನು ಇಳಿಸಿ ಹೋಟೆಲಿನಲ್ಲಿ ಮಲಗಿಸುತ್ತಾರೆ, ಬೆಳಗಾದ ಮೇಲೆ ಮತ್ತೆ ಹೊರಡುತ್ತಾರೆ. ಬೆಟ್ಟವನ್ನು ಕತ್ತಲಲ್ಲಿ ದಾಟಬಾರದೆಂಬ ಒಂದೇ ಕಾರಣಕ್ಕೆ ಅಷ್ಟು ಖರ್ಚು ಹೊರುತ್ತಾರೆ. ಬೆಟ್ಟದ ರೈಲಿನ ಐಷಾರಾಮವೆಂದರೆ ಏನೆಂಬುದನ್ನು ಈ ಎರಡು ದೇಶದವರು ಸರಿಯಾಗಿ ಅರಿತಿದ್ದಾರೆ ಎಂದು ನಾನು ನಂಬಿದ್ದೇನೆ.

ನಿಮಗೆ ಮಾತ್ರ ಒಂದು ತೊಡಕಿದೆ. ಗ್ಲೇಸಿಯರ್ ಎಕ್ಸ್‌ಪ್ರೆಸ್ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಓಡುವುದಿಲ್ಲ, ನಿಮ್ಮ ಕಾರ್ತೀಕ ಸರಿಯಾಗಿ ಆ ಬಿಡುವಿನಲ್ಲೇ ಬರುತ್ತದೆ. ಅದೇ ಹಳಿಗಳ ಮೇಲೆ ಅಲ್ಲಿಯ ಸಾಧಾರಣ ಸ್ಥಳೀಯ ಗಾಡಿಗಳು ವರ್ಷವಿಡೀ ಓಡುತ್ತವೆ ಎಂಬುದನ್ನೂ ಮಗಳಿಗೆ ತಿಳಿಸಿ. ವೀಸಾ, ವಿಮಾನ, ಚಳಿಬಟ್ಟೆಗಳ ಖರ್ಚನ್ನು ಕೂಡಿಸಿದ ಮೇಲೆ ಅದು ಬೇರೆಯೇ ಮಟ್ಟದ ಪ್ರವಾಸವಾಗುತ್ತದೆ. ಮನಸ್ಸಿದ್ದರೆ ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ.

ಈಗ ನಿಮ್ಮ ಮನೆಬಾಗಿಲಿನ ಘಟ್ಟಕ್ಕೆ ಬರೋಣ, ನನ್ನ ಮನಸ್ಸು ಇರುವುದೂ ಅಲ್ಲಿಯೇ. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಈ ಬ್ರಗಾಂಝಾ ಘಾಟ್ ದಾರಿಯನ್ನು ಪೋರ್ಚುಗೀಸರ ಗೋವಾದಲ್ಲಿ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಎಂಬ ಕಂಪನಿ 1880ರ ದಶಕದಲ್ಲಿ ಕಟ್ಟಿತು. ಮುರ್ಮಗೋವಾ ಬಂದರನ್ನು ನಮ್ಮ ಬಯಲುಸೀಮೆಗೆ ಜೋಡಿಸುವುದು ಅದರ ಉದ್ದೇಶವಾಗಿತ್ತು. ಗೋವಾ ವಿಮೋಚನೆಯಾಗುವ 1961ರವರೆಗೆ ಕ್ಯಾಸಲ್‌ರಾಕ್ ಗಡಿಯ ನಿಲ್ದಾಣ; ಗಂಟುಮೂಟೆ ಬಿಚ್ಚಿಸಿ ಸುಂಕದವರು ತಪಾಸಣೆ ಮಾಡುತ್ತಿದ್ದ ಜಾಗ ಅದು. ಇಲ್ಲಿಯ ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗಿಳಿದಿರುತ್ತೀರಿ. ಕೇಳಲು ಸಣ್ಣದೆನಿಸಬಹುದು. ಆದರೆ ಬಯಲಿನ ಮುಖ್ಯ ಮಾರ್ಗಗಳಲ್ಲಿ 100ಕ್ಕೆ 1 ಇದ್ದರೇ ನಾವು ಅದನ್ನು ಕಡಿದಾದ ಏರು ಎನ್ನುತ್ತೇವೆ.

ಹುಬ್ಬಳ್ಳಿಯಿಂದ ಹೊರಟ ಗಾಡಿಯಲ್ಲಿ ನೋಟ ಘಟ್ಟಕ್ಕೂ ಮುಂಚೆಯೇ ಶುರುವಾಗುತ್ತದೆ, ಅದನ್ನು ತಪ್ಪಿಸಬೇಡಿ. ಗದಗದ ಎರೆಹೊಲ ನೋಡಿ ಬೆಳೆದ ಕಣ್ಣಿಗೆ ಧಾರವಾಡ ದಾಟುತ್ತಲೇ ಮಣ್ಣಿನ ಬಣ್ಣ ಬದಲಾಗುವುದು ತಟ್ಟನೆ ಗೊತ್ತಾಗುತ್ತದೆ. ಮುಗದದಲ್ಲಿ ಭತ್ತದ ಗದ್ದೆಗಳು, ಕಂಬಾರಗಣವಿ, ಅಳ್ನಾವರದ ಆಚೆ ತೇಗ, ಬಿದಿರು, ನಾಗರಗಾಳಿಯ ಹೊತ್ತಿಗೆ ಹಳಿಯ ಎರಡೂ ಬದಿಗೆ ಕಾಡು. ಲೋಂಡಾದಲ್ಲಿ ಬೆಳಗಾವಿ, ಮೀರಜ್ ಕಡೆಯ ಹಳಿ ಬೇರೆಯಾಗಿ ಹೋಗುತ್ತದೆ; ನಮ್ಮದು ತಿನೈಘಾಟ್ ಮೂಲಕ ಕ್ಯಾಸಲ್‌ರಾಕ್ ಮುಟ್ಟುತ್ತದೆ.

ಕ್ಯಾಸಲ್‌ರಾಕ್‌ನಲ್ಲಿ ಗಾಡಿ ಸಾಕಷ್ಟು ಹೊತ್ತು ನಿಂತರೆ ಬೇಸರ ಪಡಬೇಡಿ. ಅಲ್ಲಿ ಬ್ರೇಕಿನ ತಪಾಸಣೆ ನಡೆಯುತ್ತದೆ. ಗಾರ್ಡ್ ಡಬ್ಬಿಯಲ್ಲಿ ಬ್ರೇಕಿನ ಗಾಳಿಯೊತ್ತಡ ತೋರಿಸುವ ಮಾಪಕದ ಮುಳ್ಳು ಐದರ ಹತ್ತಿರ ನಿಂತಿದೆಯೇ, ಡ್ರೈವರು ಬ್ರೇಕ್ ಹಾಕಿದಾಗ ಕೊನೆಯ ಬೋಗಿಯವರೆಗೂ ಹಿಡಿಯುತ್ತದೆಯೇ, ಬಿಟ್ಟಾಗ ಬಿಡುತ್ತದೆಯೇ ಎಂದು ನೋಡದೆ ಯಾರೂ ಘಟ್ಟ ಇಳಿಸುವುದಿಲ್ಲ. ಆಮೇಲೆ ಗಾಡಿ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ, ಬ್ರೇಕಿನ ಹಿಡಿತದಲ್ಲೇ ಇಳಿಯುತ್ತದೆ. ಸುರಂಗದೊಳಗೆ ಹೋದಾಗ ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿಯುತ್ತದೆ. ಅದು ಅಪಾಯದ ಸೂಚನೆಯಲ್ಲ, ಬ್ರೇಕು ತನ್ನ ಕೆಲಸ ಮಾಡುತ್ತಿರುವ ಗುರುತು. ಇಳಿಯುವ ದಾರಿಯಲ್ಲಿ ಯಾರೂ ಹತ್ತದ, ಯಾರೂ ಇಳಿಯದ ಪುಟ್ಟ ನಿಲ್ದಾಣದಲ್ಲಿ ಗಾಡಿ ನಿಂತುಬಿಟ್ಟರೆ ಅದಕ್ಕೂ ಕಾರಣವಿದೆ. ಅಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡದ ಏರಿಗೆ ಹೋಗಿ ಮುಗಿಯುವ ಒಂದು ಕುರುಡು ಹಳಿ ಇರುತ್ತದೆ, ಅದನ್ನು ಕ್ಯಾಚ್ ಸೈಡಿಂಗ್ ಎನ್ನುತ್ತೇವೆ. ಹಿಡಿತ ತಪ್ಪಿ ಓಡಿಬಂದ ಗಾಡಿ ಆ ಏರಿಗೆ ಹತ್ತಿ ನಿಲ್ಲಲಿ ಎಂದು ಹಳಿಯನ್ನು ಅದರ ಕಡೆಗೇ ತಿರುಗಿಸಿಟ್ಟಿರುತ್ತಾರೆ. ಗಾಡಿ ನಿಂತು, ತಾನು ಹಿಡಿತದಲ್ಲಿದ್ದೇನೆಂದು ತೋರಿಸಿದ ಮೇಲೆಯೇ ಮುಂದಿನ ದಾರಿ ಬಿಡುತ್ತಾರೆ. ಮೇಲೇರುವಾಗ ಕುಳೆಂನಲ್ಲಿ ಹಿಂದಿನಿಂದ ದೂಡಲು ಬೇರೆ ಎಂಜಿನುಗಳನ್ನು ಜೋಡಿಸುತ್ತಾರೆ. ನಾವು ಅವನ್ನು ಬ್ಯಾಂಕರ್ ಎಂದು ಕರೆಯುತ್ತೇವೆ. ಮುಂದಿನ ಎಂಜಿನು ಎಳೆಯುವುದು, ಹಿಂದಿನವು ನೂಕುವುದು ಒಂದೇ ಲಯಕ್ಕೆ ಬಂದಾಗ ಇಡೀ ಗಾಡಿ ಮೈಬಿಗಿದು ಏರುವುದನ್ನು ಕುಳಿತಲ್ಲೇ ಅನುಭವಿಸಬಹುದು.

ದೂಧಸಾಗರ 310 ಮೀಟರ್ ಎತ್ತರದಿಂದ ಹಂತಹಂತವಾಗಿ ಧುಮುಕುವ ಜಲಪಾತ, ಮಾಂಡೋವಿ ನದಿಯದು. ರೈಲಿನ ಸೇತುವೆ ಅದರ ಬುಡದಲ್ಲಾಗಲಿ ನೆತ್ತಿಯಲ್ಲಾಗಲಿ ಇಲ್ಲ, ಅಡ್ಡಕ್ಕೆ ಹಾದುಹೋಗುತ್ತದೆ. ಒಂದು ಕಿಟಕಿಯಲ್ಲಿ ನೀರು ಮೇಲಿನಿಂದ ನಿಮ್ಮ ಮೇಲೆಯೇ ಬೀಳುವಂತೆ ಕಾಣುತ್ತದೆ, ಎದುರಿನ ಕಿಟಕಿಯಲ್ಲಿ ಅದೇ ನೀರು ಕೆಳಗಿನ ಕಾಡಿಗೆ ಜಾರಿ ಮರೆಯಾಗುತ್ತದೆ. ಮಳೆ ಹಿಂದೆಗೆದ ಒಂದು ಬೆಳಿಗ್ಗೆ ಸೇತುವೆಯ ಮೇಲೆ ಡಬ್ಬಿಯ ಕಿಟಕಿಯಿಂದ ಹಸಿರು ಬಾವುಟ ಹೊರಗೆ ಹಿಡಿದಿದ್ದೆ. ಕೈ ಒಳಗೆ ತೆಗೆದುಕೊಂಡಾಗ ಬಾವುಟದ ಬಟ್ಟೆ ತೊಯ್ದು ಕೋಲಿಗೆ ಅಂಟಿಕೊಂಡಿತ್ತು, ಆಗ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಹಳಿ ಕಣಿವೆಯನ್ನು ಬಳಸಿಕೊಂಡು ತಿರುಗುವುದರಿಂದ ಜಲಪಾತ ಒಮ್ಮೆ ಹತ್ತಿರದಿಂದ, ಇನ್ನೊಮ್ಮೆ ದೂರದಿಂದ ಕಾಣುತ್ತದೆ. ಆದ್ದರಿಂದ ಎಡಬದಿಯ ಸೀಟೋ ಬಲಬದಿಯದೋ ಎಂದು ತಲೆ ಕೆಡಿಸಿಕೊಳ್ಳದೆ, ಕ್ಯಾಸಲ್‌ರಾಕ್ ಬಿಟ್ಟ ಮೇಲೆ ಎದುರುಬದಿಯವರೊಂದಿಗೆ ನಾಲ್ಕು ಮಾತಾಡಿ ಜಾಗ ಅದಲುಬದಲು ಮಾಡಿಕೊಳ್ಳಿ; ನಮ್ಮ ಕಡೆಯ ಜನ ಇದಕ್ಕೆ ಎಂದೂ ಇಲ್ಲವೆನ್ನುವುದಿಲ್ಲ.

ಯಾವ ದರ್ಜೆ ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ನಿಮ್ಮ ಮಕ್ಕಳಿಗೆ ಹಿಡಿಸಲಾರದು. ಎಸಿ ಬೋಗಿಯ ಗಾಜು ಜೋಡಿ ಗಾಜು, ಬಣ್ಣ ಲೇಪಿಸಿದ್ದು, ತೆರೆಯಲು ಬಾರದ್ದು. ಮಳೆಗಾಲದಲ್ಲಿ ಒಳಗೆ ತಂಪು, ಹೊರಗೆ ತೇವದ ಗಾಳಿ ಇರುವುದರಿಂದ ಎಷ್ಟೋ ಸಲ ಗಾಜಿನ ಹೊರಮೈ ಮಂಜುಗಟ್ಟಿ, ಒಳಗಿನಿಂದ ಎಷ್ಟು ಒರೆಸಿದರೂ ಏನೂ ಕಾಣುವುದಿಲ್ಲ. ಸ್ಲೀಪರ್ ಬೋಗಿಯ ತೆರೆದ ಕಿಟಕಿಗೆ ಸರಳುಗಳಿವೆ, ಧೂಳು ಬರುತ್ತದೆ, ಜನದಟ್ಟಣೆ ಇರಬಹುದು; ಆದರೆ ನೀರಿನ ಸದ್ದು, ಕಾಡಿನ ಗಾಳಿ, ತುಂತುರು, ಎಲ್ಲವೂ ಬರುತ್ತವೆ. ಹಗಲು ಪ್ರಯಾಣವಷ್ಟೇ ಆದ್ದರಿಂದ ಘಟ್ಟದ ಆ ಕೆಲವು ಗಂಟೆಗಳಿಗೆ ಸ್ಲೀಪರ್ ಟಿಕೆಟ್ ತೆಗೆಸಿ, ಉಳಿದ ಐಷಾರಾಮವನ್ನು ಗೋವಾದ ಒಳ್ಳೆಯ ಹೋಟೆಲಿನ ಮೇಲೆ ಖರ್ಚು ಮಾಡಿ ಎಂಬುದು ನನ್ನ ಸಲಹೆ.

ಗಾಡಿಯನ್ನು ಹುಡುಕಲು ದೂರ ಹೋಗಬೇಕಿಲ್ಲ. ಹೌರಾ ಕಡೆಯಿಂದ ಬಳ್ಳಾರಿ, ಗದಗ, ಹುಬ್ಬಳ್ಳಿ ಮಾರ್ಗವಾಗಿ ಗೋವಾದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ವಾರದಲ್ಲಿ ಕೆಲವು ದಿನ ನಿಮ್ಮ ಊರಿನಲ್ಲೇ ನಿಲ್ಲುತ್ತದೆ. ನಾನು ಬಲ್ಲಂತೆ ಅದು ಘಟ್ಟ ಇಳಿಯುವುದೂ ಏರುವುದೂ ಹಗಲಿನಲ್ಲೇ; ವೇಳೆ ಬದಲಾಗುತ್ತಿರುವುದರಿಂದ ಟಿಕೆಟ್ ತೆಗೆಸುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಬೆಂಗಳೂರಿನ ಕಡೆಯಿಂದ ಬರುವ ರಾತ್ರಿ ಗಾಡಿಗಳು ನಿಮಗೆ ಬೇಡ. ಅಮರಾವತಿಯಲ್ಲೂ ಹೋಗುವ ಪ್ರಯಾಣಕ್ಕಿಂತ ಬರುವ ಪ್ರಯಾಣವನ್ನು ಹೆಚ್ಚು ನೆಚ್ಚಿಕೊಳ್ಳಬಹುದು: ಸಾವಿರಾರು ಕಿಲೋಮೀಟರು ಓಡಿಬಂದ ಗಾಡಿ ತಡವಾದರೆ ಹಗಲನ್ನು ತಿಂದುಹಾಕುತ್ತದೆ, ವಾಪಸು ಗಾಡಿಯಾದರೋ ವಾಸ್ಕೋದಿಂದಲೇ ಬೆಳಿಗ್ಗೆ ಹೊರಡುವುದರಿಂದ ಹೊತ್ತಿಗೆ ಸರಿಯಾಗಿ ಘಟ್ಟ ಮುಟ್ಟುತ್ತದೆ. ಏರುದಾರಿಯಲ್ಲಿ ಗಾಡಿ ನಿಧಾನವಾಗಿರುವುದೂ ನಿಮಗೆ ಲಾಭವೇ. ಒಂದೇ ಕೊರತೆಯೆಂದರೆ ಘಟ್ಟ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ಅದರ ಬೆನ್ನ ಹಿಂದಿನಿಂದ ಬರುತ್ತದೆ, ನೀರು ನೆರಳಿನಲ್ಲಿರುತ್ತದೆ. ಕಣ್ಣಿಗೆ ಅದರಿಂದ ನಷ್ಟವಿಲ್ಲ, ಫೋಟೊಕ್ಕೆ ಸ್ವಲ್ಪ ನಷ್ಟ.

ಕಾಲದ ಬಗ್ಗೆ ಒಂದು ಮಾತು. ಜುಲೈ, ಆಗಸ್ಟ್‌ನಲ್ಲಿ ಜಲಪಾತ ತುಂಬಿ ಹರಿಯುತ್ತದೆಂದು ಎಲ್ಲರೂ ಆಗಲೇ ಹೋಗಲು ಹಾತೊರೆಯುತ್ತಾರೆ. ಆದರೆ ಎಷ್ಟೋ ದಿನ ಮಂಜು ಮುಸುಕಿ ಸೇತುವೆಯ ಮೇಲೆ ನಿಂತರೂ ಸದ್ದು ಮಾತ್ರ ಕೇಳುತ್ತದೆ. ಗುಡ್ಡ ಕುಸಿಯುವ ಕಾಲವೂ ಅದೇ. 2021ರ ಜುಲೈಯಲ್ಲಿ ದೂಧಸಾಗರ ಮತ್ತು ಸೋನಾಲಿಂ ನಿಲ್ದಾಣಗಳ ನಡುವೆ ಮಣ್ಣು ಕುಸಿದು ಪ್ರಯಾಣಿಕರ ಗಾಡಿಯೊಂದು ಹಳಿತಪ್ಪಿತ್ತು, ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ದಸರೆಯ ಮುಂಚೆ ಹದಿನೈದು ದಿನ, ಆಮೇಲೆ ದೀಪಾವಳಿಯವರೆಗೆ, ಇದು ನಾನು ಆರಿಸುವ ಕಾಲ: ನೀರು ಇನ್ನೂ ಇಳಿದಿರುವುದಿಲ್ಲ, ಆಕಾಶ ತೆರೆದಿರುತ್ತದೆ, ಕಾಡು ತೊಳೆದಂತಿರುತ್ತದೆ. ಕಾರ್ತೀಕದವರೆಗೆ ಕಾಯದೆ ಪ್ರವಾಸವನ್ನು ಒಂದು ತಿಂಗಳು ಹಿಂದಕ್ಕೆ ತಂದುಕೊಳ್ಳಿ.

ಮಕ್ಕಳ ಮನಸ್ಸಿಗೂ ಸಮಾಧಾನವಾಗಬೇಕು, ಗಾಜಿನ ಚಾವಣಿಯ ಬೋಗಿಯೂ ಬೇಕು ಎಂದಾದರೆ ಯಶವಂತಪುರ–ಮಂಗಳೂರು ಹಗಲು ಗಾಡಿಯ ವಿಸ್ಟಾಡೋಮ್ ಇದೆ, ಅದು 2021ರ ಜುಲೈಯಿಂದ ಓಡುತ್ತಿದೆ. ಪೆರಂಬೂರಿನ ಕಾರ್ಖಾನೆಯಲ್ಲಿ ತಯಾರಾದ ಆ ಬೋಗಿಯಲ್ಲಿ 44 ಸೀಟುಗಳು. ಸೀಟನ್ನು ಕಿಟಕಿಯ ಕಡೆಗೂ ಹಿಂದಕ್ಕೂ ತಿರುಗಿಸಬಹುದು, ಬೋಗಿಯ ಒಂದು ತುದಿಯಲ್ಲಿ ನಿಂತು ನೋಡಲು ದೊಡ್ಡ ಗಾಜಿನ ಜಾಗವಿದೆ, ಬಾಗಿಲು ಅಗಲವಾಗಿದ್ದು ತಾನಾಗಿಯೇ ತೆರೆಯುತ್ತದೆ. ಶುರುವಾದಾಗ ಟಿಕೆಟ್ ದರ ಒಂದೂವರೆ ಸಾವಿರ ರೂಪಾಯಿಯ ಒಳಗಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 50ಕ್ಕೂ ಹೆಚ್ಚು ಸುರಂಗಗಳಿವೆ, ಇಳಿಜಾರು 50ಕ್ಕೆ 1. ಆ ದಾರಿಯ ನಡುವಿನ ಯಡಕುಮಾರಿ ನಿಲ್ದಾಣದ ಸುತ್ತಿನ ಕಾಡು ಬ್ರಗಾಂಝಾಕ್ಕೇನೂ ಕಡಿಮೆಯಲ್ಲ. ಆದರೆ ದೂಧಸಾಗರದಂಥ ಒಂದು ಮಹಾನೋಟ ಅಲ್ಲಿಲ್ಲ, ಸುರಂಗಗಳು ಮೇಲಿಂದ ಮೇಲೆ ಬರುವುದರಿಂದ ನೋಟ ತುಂಡುತುಂಡಾಗಿ ಸಿಗುತ್ತದೆ. ನೀವು ಗದಗದಿಂದ ಯಶವಂತಪುರದವರೆಗೆ ಹೋಗಿ ಬೆಳಗಿನ ಜಾವ ಏಳಬೇಕೆಂದಿಲ್ಲ. ಹುಬ್ಬಳ್ಳಿಯಿಂದ ಅರಸೀಕೆರೆಗೆ ಬಂದು, ಹಾಸನಕ್ಕೆ ಕಾರಿನಲ್ಲಿ ಹೋಗಿ ರಾತ್ರಿ ಉಳಿದುಕೊಂಡು, ಬೆಳಿಗ್ಗೆ ಹಾಸನದಲ್ಲಿ ಹತ್ತಿದರೆ ಘಟ್ಟದ ಭಾಗ ಪೂರ್ತಿ ದಕ್ಕುತ್ತದೆ. ಮುಂಗಡ ಕಾಯ್ದಿರಿಸುವ ಅವಧಿ ಈಗ 60 ದಿನ; 44 ಸೀಟು ಶನಿವಾರ, ಭಾನುವಾರಗಳಿಗೆ ಬೇಗ ಮುಗಿಯುತ್ತವೆ, ವಾರದ ನಡುವಿನ ದಿನ ಹಿಡಿಯಿರಿ. 2024ರ ಜುಲೈ ಕೊನೆಯಲ್ಲಿ ಕುಸಿತದಿಂದ ಈ ದಾರಿಯೂ ಹಲವು ದಿನ ಬಂದಾಗಿತ್ತು, ಆದ್ದರಿಂದ ಇಲ್ಲಿಗೂ ಮಳೆ ಹಿಂದೆಗೆದ ಮೇಲೆಯೇ ಹೋಗಬೇಕು.

ಯಜಮಾನರ ಮೊಣಕಾಲಿನ ವಿಷಯದಲ್ಲಿ ಎಚ್ಚರಿಕೆ ಬೇಕಾದದ್ದು ಹತ್ತಿ ಇಳಿಯುವಾಗ. ಗದಗ, ಹುಬ್ಬಳ್ಳಿ, ವಾಸ್ಕೋಗಳಲ್ಲಿ ಎತ್ತರದ ಪ್ಲಾಟ್‌ಫಾರ್ಮ್ ಇದೆ, ಅಲ್ಲಿ ತೊಂದರೆಯಿಲ್ಲ. ದೂಧಸಾಗರದಲ್ಲಿ ಗಾಡಿ ನಿಂತಿತೆಂದು ಯಾರು ಎಷ್ಟೇ ಹುರಿದುಂಬಿಸಿದರೂ ಇಳಿಯಬೇಡಿ. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯಿದೆಯ 147ನೇ ಕಲಮಿನಂತೆ ಅಪರಾಧ, ಆರು ತಿಂಗಳವರೆಗೆ ಜೈಲಾಗಬಹುದು; ಅದಕ್ಕಿಂತ ಮುಖ್ಯವಾಗಿ, ಸುರಂಗದ ಬಾಯಲ್ಲಿ ನೀರಿನ ಸದ್ದಿಗೆ ಗಾಡಿಯ ಸಿಳ್ಳು ಕೇಳಿಸುವುದಿಲ್ಲ. ಬಾಗಿಲಲ್ಲಿ ನಿಂತು ಫೋಟೊ ತೆಗೆಯುವುದೂ ಬೇಡ, ಸುರಂಗದ ಕಲ್ಲಿನ ಗೋಡೆ ನಾವೆಣಿಸಿದ್ದಕ್ಕಿಂತ ಹತ್ತಿರ ಬರುತ್ತದೆ. ಜಲಪಾತದ ಬುಡ ನೋಡಲೇಬೇಕೆಂದರೆ ಅಕ್ಟೋಬರ್ ಆದ ಮೇಲೆ ಕುಳೆಂನಿಂದ ಜೀಪುಗಳು ಹೋಗುತ್ತವೆ, ಆದರೆ ಕೊನೆಗೆ ಕಲ್ಲುಗಳ ಮೇಲೆ ನಡೆಯಬೇಕಾಗುವುದರಿಂದ ಅವರಿಗೆ ಅದು ಆಗುವ ಮಾತಲ್ಲ.

ನೀಲಗಿರಿ ರೈಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರು, ಹಲ್ಲುಹಳಿಗೆ ಗಾಲಿ ಕಚ್ಚಿಕೊಂಡು ಏರುವ, 2005ರಲ್ಲಿ ಯುನೆಸ್ಕೊ ಮನ್ನಣೆ ಪಡೆದ ಗಾಡಿ ಅದು. ಅಪೂರ್ವವಾದದ್ದೇ, ಆದರೆ ಸೀಟು ಇಕ್ಕಟ್ಟು, ಹೊತ್ತು ಸುಮಾರು ಐದು ಗಂಟೆ. ಕಾಲು ಚಾಚಲು ಬೇಕಾದವರಿಗೆ ನಾನು ಹೇಳಲಾರೆ.

ಒಟ್ಟಿನಲ್ಲಿ ನಾನು ನಿಮ್ಮ ಜಾಗದಲ್ಲಿದ್ದರೆ, ಅಕ್ಟೋಬರಿನಲ್ಲಿ ಗದಗದಿಂದ ಅಮರಾವತಿಗೆ ಹತ್ತಿ, ಗೋವಾದಲ್ಲಿ ಎರಡು ರಾತ್ರಿ ಉಳಿದು, ಬೆಳಗಿನ ಗಾಡಿಗೆ ವಾಪಸಾಗುತ್ತಿದ್ದೆ. ಆ ಗಾಡಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಕುಳೆಂ ಬರುವ ಮುಂಚೆಯೇ ಬಿಚ್ಚಿ ತಿಂದು ಮುಗಿಸಿ, ಕೈ ತೊಳೆದುಕೊಂಡು ಕುಳಿತುಕೊಳ್ಳಿ. ಬ್ಯಾಂಕರ್ ಜೋಡಿಸುವಾಗ ಹಿಂದಿನಿಂದ ಒಂದು ಸಣ್ಣ ನೂಕು ಬರುತ್ತದೆ. ಯಜಮಾನರ ಕೈಯಲ್ಲಿ ಆಗ ಬಿಸಿ ಚಹಾದ ಲೋಟ ಇರದಂತೆ ನೋಡಿಕೊಳ್ಳಿ.